ಕಡಲ ತಳವನ್ನು ತಟ್ಟಿ ಕೇಳುವುದು

ಸಂತೆಯಲ್ಲಿ ಮಣ್ಣಿನ ಗಡಿಗೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಕಣ್ಣಿನಿಂದ ನೋಡಿ ಸುಮ್ಮನಾಗುವುದಿಲ್ಲ. ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳುವಳು. ಠಣ್ ಎಂದರೆ ಗಡಿಗೆಯು ಚೆನ್ನಾಗಿ ಬೆಂದಿದೆ. ಬೊದ್ದೆಂದರೆ ಎಲ್ಲಿಯೋ ಬಿರುಕುಂಟು. ಹಲಸಿನ ಹಣ್ಣನ್ನೂ ಹಾಗೆಯೇ ತಟ್ಟುವರು. ವೈದ್ಯರು ರೋಗಿಯ ಎದೆಯ ಮೇಲೆ ಬೆರಳಿಟ್ಟು ತಟ್ಟುವರು. ಕಣ್ಣು ಹೋಗಲಾರದ ಎಡೆಗೆ ಕಿವಿಯನ್ನು ಕಳುಹಿಸುವ ಈ ಉಪಾಯವು ಮನೆಮನೆಯಲ್ಲಿಯೂ ತಿಳಿದಿರುವುದೇ ಸರಿ. ಇದೇ ಉಪಾಯದಿಂದ ಮಾನವನು ಸಾವಿರಾರು ಮೀಟರ್ ನೀರಿನ ಕೆಳಗೆ, ಬೆಳಕೇ ಇಲ್ಲದ ಕತ್ತಲೆಯಲ್ಲಿ ಮಲಗಿರುವ ಕಡಲ ತಳವನ್ನು ತಟ್ಟಿ ಕೇಳುತ್ತಿರುವನು. ಆ ತಳವು ಏನೆಂದು ಉತ್ತರ ಕೊಡುವುದು, ಮರಳು ಒಂದು ಬಗೆಯಾಗಿಯೂ ಕೆಸರು ಇನ್ನೊಂದು ಬಗೆಯಾಗಿಯೂ ಮಾರುತ್ತರ ಕೊಡುವುದೇಕೆ, ಎಂಬುದನ್ನು ಈ ತಿಂಗಳು ವಾಚಕರ ಮುಂದೆ ಇಡಬೇಕೆಂದು ನಮ್ಮ ಅಪೇಕ್ಷೆ.

ಹಿಂದಿನ ನಾವಿಕರು ಆಳವನ್ನು ತಿಳಿಯಲು ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ ಇಳಿಯಬಿಡುತ್ತಿದ್ದರು. ಹಗ್ಗವನ್ನು ಎರಡು ಕೈಗಳನ್ನೂ ಚಾಚಿ ಮಾರು ಮಾರಾಗಿ ಅಳೆಯುವುದು ರೂಢಿ. ಇಂಗ್ಲಿಷರ ಆರು ಅಡಿಯ ಫ್ಯಾದಮ್ ಎಂಬುದೂ ನಮ್ಮ ಮಾರೇ ಹೊರತು ಬೇರೆಯಲ್ಲ. ಇದರಲ್ಲಿ ಒಂದು ಜಾಣತನವಿತ್ತು. ಗುಂಡಿನ ಅಡಿಯಲ್ಲಿ ಒಂದು ಗುಳಿ ಮಾಡಿ ಅದಕ್ಕೆ ಪ್ರಾಣಿಗಳ ಕೊಬ್ಬನ್ನು ಮೆತ್ತುತ್ತಿದ್ದರು. ಗುಂಡು ತಳಕ್ಕೆ ತಾಗಿದಾಗ ಅಲ್ಲಿನ ಮರಳೋ ಚಿಪ್ಪೋ ಕೆಸರೋ ಆ ಕೊಬ್ಬಿಗೆ ಅಂಟಿ ಮೇಲೆ ಬರುವುದು. ಏನೂ ಅಂಟದಿದ್ದರೆ ಕೆಳಗೆ ಬಂಡೆಯಿದೆಯೆಂದು ಅರ್ಥ. ನಾವಿಕನಿಗೆ ಈ ಎರಡನೆಯ ಸಂಗತಿಯು ಆಳದಷ್ಟೇ ಮುಖ್ಯ. ಲಂಗರು ಕಚ್ಚುವುದೊ ಜಾರುವುದೊ ಎಂಬುದು ಅದರಿಂದಲೇ ಗೊತ್ತಾಗಬೇಕು; ಬಿರುಗಾಳಿಯ ರಾತ್ರಿಯಲ್ಲಿ ಹಡಗಿನವರ ಪ್ರಾಣವೆಲ್ಲ ಅದರ ಮೇಲೆಯೇ ನಿಂತಿರುವುದು. ಆದರೆ ಆಳ ಹೆಚ್ಚಾದಂತೆ ಈ ಕೆಲಸವು ಗಂಟೆಗಟ್ಟಲೆಯದಾಗುವುದು. 1875ರಲ್ಲಿ ಚಾಲೆಂಜರ್ ಎಂಬ ಇಂಗ್ಲಿಷ್ ಹಡಗಿನವರು ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಬಳಿ 4475 ಮಾರು, ಎಂದರೆ ಎಂಟು ಕಿಲೋಮೀಟರಿಗಿಂತ ಹೆಚ್ಚು, ಹಗ್ಗವನ್ನು ಇಳಿಯಬಿಟ್ಟರು. ಅಷ್ಟು ಶ್ರಮಕ್ಕೆ ದೊರೆತುದು ನಕ್ಷೆಯ ಮೇಲೆ ಒಂದು ಚುಕ್ಕೆ!

ಹಗ್ಗದ ಬದಲು ಶಬ್ದವನ್ನೇ ಇಳಿಯಬಿಡಬಹುದೆಂಬ ಯೋಚನೆ ಬರುವುದಕ್ಕೆ ಮೊದಲು, ನೀರಿನಲ್ಲಿ ಶಬ್ದವು ಹೇಗೆ ನಡೆಯುವುದೆಂದು ತಿಳಿಯಬೇಕಾಗಿತ್ತು. ನಮ್ಮ ನೈಯಾಯಿಕರು ಶಬ್ದವನ್ನು ಆಕಾಶದ ಗುಣವೆಂದರು. ಹುಟ್ಟಿದ ಶಬ್ದವು ಕಿವಿಯವರೆಗೆ ಬರುವ ಬಗೆಯನ್ನು ವಿವರಿಸಲು ಅವರು ಎರಡು ನ್ಯಾಯಗಳನ್ನು ಹೇಳುವರು. ಒಂದು ವೀಚೀತರಂಗನ್ಯಾಯ: ಕೊಳದಲ್ಲಿ ಒಂದು ಅಲೆಯು ಇನ್ನೊಂದನ್ನು ಹುಟ್ಟಿಸುತ್ತ ದಡದವರೆಗೆ ಬರುವಂತೆ. ಮತ್ತೊಂದು ಕದಂಬಮುಕುಲನ್ಯಾಯ: ಕದಂಬದ ಮೊಗ್ಗು ಒಮ್ಮೆಗೇ ಸುತ್ತಲೂ ಅರಳುವಂತೆ. ಇಂದಿನ ಶಾಸ್ತ್ರವು ಆಕಾಶವನ್ನು ಬಿಟ್ಟು ಗಾಳಿ, ನೀರು, ಕಲ್ಲು ಇವುಗಳನ್ನು ಹಿಡಿದಿರುವುದು. ಆದರೆ ಆ ಎರಡು ದೃಷ್ಟಾಂತಗಳು ಈಗಲೂ ಹಾಗೆಯೇ ಸಲ್ಲುವುವು. ಇವಕ್ಕಿಂತ ಒಳ್ಳೆಯ ದೃಷ್ಟಾಂತಗಳನ್ನು ನಾವು ಯಾವ ಪಠ್ಯಪುಸ್ತಕದಲ್ಲಿಯೂ ಕಂಡಿಲ್ಲ.

1826ರಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಜಿನೀವಾ ಸರೋವರದಲ್ಲಿ ಈ ವೇಗವನ್ನು ಅಳೆದರು. ರಾತ್ರಿಯ ಹೊತ್ತು, ಹದಿಮೂರೂವರೆ ಕಿಲೋಮೀಟರ್ ಅಂತರದಲ್ಲಿ ಎರಡು ದೋಣಿಗಳು. ಒಂದರಿಂದ ನೀರಿನೊಳಗೆ ಒಂದು ಗಂಟೆಯನ್ನು ಇಳಿಬಿಟ್ಟು, ಅದನ್ನು ಹೊಡೆಯುವಾಗಲೇ ಮೇಲೆ ಸಿಡಿಮದ್ದು ಹೊತ್ತಿ ಬೆಳಗುವಂತೆ ಏರ್ಪಡಿಸಿದ್ದರು. ಇನ್ನೊಂದು ದೋಣಿಯಲ್ಲಿದ್ದವರು ಬೆಳಕನ್ನು ಕಂಡೊಡನೆ ಕಾಲವನ್ನು ಗುರುತಿಸಿ, ನೀರಿನಲ್ಲಿ ಅದ್ದಿದ ಕೊಳವೆಗೆ ಕಿವಿಯಿಟ್ಟು ಕಾದರು. ಸುಮಾರು ಒಂಬತ್ತೂವರೆ ಸೆಕೆಂಡಿನಲ್ಲಿ ಗಂಟೆಯ ನಾದವು ಬಂದು ಮುಟ್ಟಿತು. ಗಾಳಿಯಲ್ಲಾದರೆ ಅದಕ್ಕೆ ನಲವತ್ತು ಸೆಕೆಂಡಾದರೂ ಬೇಕು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ 340 ಮೀಟರ್ ಹೋದರೆ, ಕಡಲ ನೀರಿನಲ್ಲಿ ಸುಮಾರು 1500 ಮೀಟರ್ ಹೋಗುವುದೆಂದು ವಾಚಕರು ನೆನಪಿನಲ್ಲಿಟ್ಟರೆ ಸಾಕು.

1912ರಲ್ಲಿ ಟೈಟಾನಿಕ್ ಹಡಗು ನೀರ್ಗಲ್ಲಿಗೆ ಬಡಿದು ಮುಳುಗಿದ ಮೇಲೆ, ಕತ್ತಲೆಯಲ್ಲಿ ಅಂತಹ ನೀರ್ಗಲ್ಲುಗಳನ್ನು ಪತ್ತೆಹಚ್ಚುವುದು ಹೇಗೆಂಬ ಚಿಂತೆ ಎಲ್ಲರಿಗೂ ಹತ್ತಿತು. ಕೆನಡಾದಲ್ಲಿ ಹುಟ್ಟಿದ ಫೆಸೆಂಡನ್ ಎಂಬವನು ನೀರಿನೊಳಗೆ ಬಲವಾದ ಸ್ವರವನ್ನು ಹೊರಡಿಸುವ ಯಂತ್ರವೊಂದನ್ನು ಮಾಡಿ, 1914ರ ಏಪ್ರಿಲ್ ತಿಂಗಳಲ್ಲಿ ನ್ಯೂಫೌಂಡ್‌ಲೆಂಡಿನ ಬಳಿಯ ಕಡಲಿಗೆ ಕೊಂಡುಹೋದನು. ಎರಡು ಮೈಲಿಯಷ್ಟು ದೂರದ ನೀರ್ಗಲ್ಲಿನಿಂದ ಮಾರ್ದನಿ ಬಂದಿತು. ಕರೆಯದಿದ್ದ ಇನ್ನೊಂದು ಮಾರ್ದನಿಯೂ ಕೆಳಗಿನಿಂದ ಬಂದಿತು. ಅದು ಕಡಲ ತಳದ್ದು. ಮುಂದೆ 1925ರಿಂದ 27ರವರೆಗೆ ಜರ್ಮನರ ಮೀಟಿಯರ್ ಎಂಬ ಹಡಗು ದಕ್ಷಿಣ ಅಟ್ಲಾಂಟಿಕ್ ಸಾಗರವನ್ನು ಅಡ್ಡಡ್ಡಲಾಗಿ ದಾಟುತ್ತ ಸುಮಾರು 67 ಸಾವಿರ ಸಲ ಈ ರೀತಿಯಲ್ಲಿ ಆಳವನ್ನು ಅಳೆಯಿತು. ಹಗ್ಗದ ಕಾಲದಲ್ಲಿ ಇದು ಕನಸಿನ ಮಾತು. ಲೆಕ್ಕವು ಮಕ್ಕಳೂ ಮಾಡುವಂತಹದು: ಹೋದ ಸ್ವರವು ನಾಲ್ಕು ಸೆಕೆಂಡಿಗೆ ಮರಳಿದರೆ ಇಳಿಯಲು ಎರಡು, ಏರಲು ಎರಡು, ಆಳ ಮೂರು ಸಾವಿರ ಮೀಟರ್.

ಇಷ್ಟು ಹೇಳಿ ಅನೇಕ ಪುಸ್ತಕಗಳು ಪ್ರಕರಣವನ್ನು ಮುಗಿಸಿಬಿಡುವುವು. ನಮಗಾದರೋ ನಿಜವಾದ ಸ್ವಾರಸ್ಯವು ಇಲ್ಲಿಂದಲೇ ಮೊದಲಾಗುವುದೆಂದು ತೋರುವುದು. ಮಾರ್ದನಿಯು ಎಷ್ಟು ಹೊತ್ತಿಗೆ ಬಂದಿತೆಂಬುದು ಹಗ್ಗದ ಉದ್ದವನ್ನು ಹೇಳಿದಂತಾಯಿತು. ಗುಂಡಿನ ಅಡಿಗೆ ಮೆತ್ತಿದ ಕೊಬ್ಬಿನ ಕೆಲಸವನ್ನು ಮಾಡುವವರಾರು? ಅದನ್ನೂ ಮಾರ್ದನಿಯೇ ಮಾಡುವುದು. ಎಷ್ಟು ಬಲವಾಗಿ ಬಂದಿತು, ಚುಟುಕಾಗಿ ಬಂದಿತೊ ಎಳೆದುಕೊಂಡು ಬಂದಿತೊ, ಎಂಬುದರಲ್ಲಿ ತಳದ ಜಾತಿಯೆಲ್ಲ ಅಡಗಿರುವುದು.

ಕಾರಣವನ್ನು ಹೇಳುವೆವು. ಶಬ್ದವು ಒಂದು ಪದಾರ್ಥದಿಂದ ಇನ್ನೊಂದಕ್ಕೆ ದಾಟುವಾಗ ಹೊಸಲಿನ ಬಳಿ ಒಂದು ಪಾಲು ಒಳಗೆ ಹೋಗುವುದು, ಒಂದು ಪಾಲು ಹಿಂದಿರುಗುವುದು. ಆ ಪಾಲುಗಳನ್ನು ನಿರ್ಣಯಿಸುವುದು ಪ್ರತಿಯೊಂದು ಪದಾರ್ಥವೂ ಶಬ್ದಕ್ಕೆ ಒಡ್ಡುವ ತಡೆ. ಪದಾರ್ಥದ ಸಾಂದ್ರತೆಯನ್ನು ಅದರಲ್ಲಿ ಶಬ್ದಕ್ಕಿರುವ ವೇಗದಿಂದ ಗುಣಿಸಿದರೆ ಈ ತಡೆಯು ದೊರೆಯುವುದು. ಎರಡು ಪದಾರ್ಥಗಳ ತಡೆ ಸಮಾನವಾಗಿದ್ದರೆ ಶಬ್ದಕ್ಕೆ ಹೊಸಲು ಇದೆಯೆಂದೇ ತಿಳಿಯದು, ನೇರವಾಗಿ ಒಳಹೊಗುವುದು. ತಡೆಯ ಅಂತರ ಹೆಚ್ಚಾದಷ್ಟೂ ಹಿಂದಿರುಗುವ ಪಾಲು ಹೆಚ್ಚು. ಗಾಳಿಗೂ ನೀರಿಗೂ ಈ ಅಂತರವು ಬಹಳ. ಆದುದರಿಂದಲೇ ದಡದ ಮೇಲೆ ನಿಂತು ಕೂಗಿದ ಕೂಗಿನ ಸಾವಿರದಲ್ಲಿ ಒಂದು ಪಾಲು ಮಾತ್ರ ಕೆರೆಯೊಳಗೆ ಇಳಿಯುವುದು. ಮುಳುಗು ಹಾಕಿದ ಹುಡುಗನಿಗೆ ತಾಯಿಯ ಕರೆಯು ಕೇಳಿಸಲಿಲ್ಲವೆಂದರೆ ಅವನನ್ನು ಪೂರಾ ಬಯ್ಯುವಂತಿಲ್ಲ.

ಈಗ ಕಡಲ ತಳಕ್ಕೆ ಬರೋಣ. ಗಟ್ಟಿಯಾದ ನುಣುಪು ಬಂಡೆಯ ಮೇಲೆ ನೆಟ್ಟಗೆ ಬಿದ್ದ ಶಬ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿರುಗುವುದು. ಮರಳಿನಿಂದ ನೂರರಲ್ಲಿ ಹತ್ತು ಹದಿನೈದು ಪಾಲು ಬರುವುದು. ಮೆತ್ತನೆಯ ಕೆಸರಿನಿಂದಲೋ ಎರಡು ಮೂರು ಪಾಲು ಬಂದರೆ ಹೆಚ್ಚು. ಉಳಿದುದನ್ನೆಲ್ಲ ಕೆಸರು ನುಂಗಿಬಿಡುವುದು. ಇನ್ನು ಬಂಡೆಯು ನುಣುಪಾಗಿರದೆ ಒರಟಾಗಿದ್ದರೆ, ಬಂದ ಶಬ್ದವು ಒಡೆದ ಕನ್ನಡಿಯ ಮೇಲೆ ಬಿದ್ದ ಬಿಸಿಲಿನಂತೆ ದಿಕ್ಕುದಿಕ್ಕಿಗೆ ಚೆದರುವುದು. ಹಡಗಿಗೆ ಬರುವ ಮಾರ್ದನಿಯು ಬಾಲ ಬೆಳೆದಂತೆ ಉದ್ದವಾಗುವುದು.

ಕೆಸರಿನ ವಿಷಯದಲ್ಲಿ ಒಂದು ಸೋಜಿಗವುಂಟು. ಕೆಸರು ನೀರಿಗಿಂತ ಭಾರವಾದುದು, ಗಟ್ಟಿಯಾದುದು. ಆದುದರಿಂದ ಅದರಲ್ಲಿ ಶಬ್ದವು ನೀರಿನಲ್ಲಿಗಿಂತ ಬೇಗನೆ ಹೋಗಬೇಕೆಂದು ಯಾರಾದರೂ ಊಹಿಸುವರು. ಆದರೆ ತಳದ ಮೇಲ್ಪದರದ ನಯವಾದ ಕೆಸರಿನಲ್ಲಿ ಶಬ್ದವು ನೀರಿನಲ್ಲಿಗಿಂತ ತುಸು ನಿಧಾನವಾಗಿ ಹೋಗುವುದು! ಆ ಕೆಸರಿನಲ್ಲಿ ಬಹುಪಾಲು ನೀರೇ ಇರುವುದು. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ನಿಂತಿರುವುದಿಲ್ಲ, ತೇಲಿಕೊಂಡಂತೆ ಇರುವುವು. ಹೀಗಾಗಿ ಅವು ನೀರಿನ ಭಾರವನ್ನು ಹೆಚ್ಚಿಸುವುವೇ ಹೊರತು ಬಿಗಿಯನ್ನು ಹೆಚ್ಚಿಸುವುದಿಲ್ಲ. ಭಾರ ಹೊತ್ತ ಎತ್ತು ನಿಧಾನವಾಗಿ ನಡೆಯುವುದು ಸಹಜವಷ್ಟೆ. ಮರಳಿನ ಕಣಗಳಾದರೋ ಜಾತ್ರೆಯ ಜನರಂತೆ ಭುಜಕ್ಕೆ ಭುಜ ತಾಗಿಸಿ ನಿಂತಿರುವುವು. ಒಂದನ್ನು ತಳ್ಳಿದರೆ ತಳ್ಳು ಮುಂದುಮುಂದಕ್ಕೆ ಬೇಗನೆ ಸಾಗುವುದು. ಅಲ್ಲಿ ಶಬ್ದದ ವೇಗವು ಸೆಕೆಂಡಿಗೆ 1700 ಮೀಟರಿನ ಸುತ್ತಮುತ್ತ.

ಈ ಸಣ್ಣ ಭೇದದಿಂದ ಬಹು ದೊಡ್ಡ ಪರಿಣಾಮವಾಗುವುದು. ಚಪ್ಪಟೆಯಾದ ಕಲ್ಲನ್ನು ಕೆರೆಯ ಮೇಲೆ ನೆಟ್ಟಗೆ ಹಾಕಿದರೆ ಮುಳುಗುವುದು. ಬಗ್ಗಿ ನಿಂತು ಓರೆಯಾಗಿ ಬೀಸಿ ಎಸೆದರೆ ನೆಗೆನೆಗೆಯುತ್ತ ದೂರ ಹೋಗುವುದು. ಕಾರಣವು ಬೇರೆಯಾದರೂ ಮರಳಿನ ತಳದ ಮೇಲೆ ಶಬ್ದವು ತೋರುವ ನಡೆಯು ಇಂತಹದೇ. ತಳಕ್ಕೆ ಸುಮಾರು 25ರಿಂದ 30 ಡಿಗ್ರಿಗಿಂತ ಕಡಮೆಯ ಓರೆಯಲ್ಲಿ ಬಂದು ತಾಗಿದ ಶಬ್ದವು ಮರಳಿನೊಳಗೆ ಹೋಗಲಾರದೆ ಬಹುಮಟ್ಟಿಗೆ ಪೂರಾ ಹಿಂದಕ್ಕೆ ನೆಗೆಯುವುದು. ಮೇಲೆ ನೀರಿನ ಮೈಗೆ ತಾಗಿದರೆ ಅಲ್ಲಿ ಗಾಳಿಯು ಅದನ್ನು ಒಳಕ್ಕೆ ಬಿಡದು. ಹೀಗೆ ಮೇಲಿನ ಮಾಡಿಗೂ ಕೆಳಗಿನ ನೆಲಕ್ಕೂ ನಡುವೆ ಪುಟಿಪುಟಿಯುತ್ತ ಶಬ್ದವು ಓಣಿಯೊಳಗಿನ ಕೂಗಿನಂತೆ ಬಹುದೂರ ಸಾಗುವುದು. ಕೆಸರಿನ ತಳದಲ್ಲಿ ಈ ಭಾಗ್ಯವಿಲ್ಲ. ಕೆಲವು ಓರೆಗಳಲ್ಲಿ ಬಂದ ಶಬ್ದವನ್ನು ಕೆಸರು ಬಹುಮಟ್ಟಿಗೆ ಮಾರ್ದನಿಯಿಲ್ಲದಂತೆಯೇ ಒಳಗೆ ಎಳೆದುಕೊಳ್ಳುವುದು.

1939ರಿಂದ 45ರವರೆಗಿನ ಮಹಾಯುದ್ಧದಲ್ಲಿ ಇದು ಪ್ರಾಣದ ಪ್ರಶ್ನೆಯಾಯಿತು. ಶತ್ರುವಿನ ಜಲಾಂತರ್ಗಾಮಿಯನ್ನು ಮಾರ್ದನಿಯಿಂದ ಹುಡುಕುವ ಸೋನಾರ್ ಯಂತ್ರವು ಒಂದೇ. ಅದನ್ನು ನಡೆಸುವವನೂ ಒಬ್ಬನೇ. ಆದರೂ ಒಂದು ತೀರದಲ್ಲಿ ಬಹುದೂರದವರೆಗೆ ಕೇಳಿಸಿದುದು ಇನ್ನೊಂದು ತೀರದಲ್ಲಿ ಕೇಳಿಸುತ್ತಿರಲಿಲ್ಲ. ಒರಟು ಬಂಡೆಯ ತಳದಲ್ಲಿಯೋ, ತಳದ ಸ್ವಂತ ಮಾರ್ದನಿಗಳ ಗದ್ದಲದಲ್ಲಿ ಜಲಾಂತರ್ಗಾಮಿಯ ಮಾರ್ದನಿಯು ಸಂತೆಯಲ್ಲಿ ಪಿಸುಮಾತಿನಂತೆ ಕರಗಿಹೋಗುವುದು. ಅಮೇರಿಕದವರು ಕಡಲ ತಳದಲ್ಲಿ ಎಲ್ಲಿ ಮರಳು, ಎಲ್ಲಿ ಕೆಸರು, ಎಲ್ಲಿ ಬಂಡೆ ಎಂದು ತೋರಿಸುವ ನಕ್ಷೆಗಳನ್ನು ಸಿದ್ಧಪಡಿಸಿ ತಮ್ಮ ನೌಕಾಪಡೆಗೆ ಕೊಟ್ಟರು. ಅಂದಿನ ಅಳತೆಗಳ ಲೆಕ್ಕಾಚಾರವನ್ನು ಪೆಕೆರಿಸ್ ಎಂಬ ಗಣಿತಜ್ಞನು 1948ರಲ್ಲಿ ಪ್ರಕಟಿಸಿದನು. ಆಳವಿಲ್ಲದ ಕಡಲಿನ ಶಬ್ದವನ್ನು ಅಭ್ಯಾಸಮಾಡುವವರು ಇಂದಿಗೂ ಅಲ್ಲಿಂದಲೇ ಓನಾಮ ಹಾಡುವರು.

ಅದೇ ಯುದ್ಧಕಾಲದ ವಿನೋದವೊಂದನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗದು. 1942ರಲ್ಲಿ ಕ್ಯಾಲಿಫೋರ್ನಿಯದ ಹೊರಗಡಲಿನಲ್ಲಿ ಶಬ್ದವನ್ನು ಪರೀಕ್ಷಿಸುತ್ತಿದ್ದವರಿಗೆ, ತಳವು ಬಹಳ ಕೆಳಗಿರಬೇಕಾದ ಕಡೆಯಲ್ಲಿ, ಕೆಲವು ನೂರು ಮೀಟರ್ ಆಳದಲ್ಲಿಯೇ ಇನ್ನೊಂದು ತಳವು ಇರುವಂತೆ ಮಾರ್ದನಿ ಬಂದಿತು. ಇಂತಹ ತಳವು ಸಂಜೆಯಾದೊಡನೆ ಮೇಲಕ್ಕೆ ಏರುವುದು, ಬೆಳಗಾಗುವಾಗ ಮತ್ತೆ ಇಳಿಯುವುದು! ನೆಲವು ಏರಿಳಿಯುವುದುಂಟೆ? ಅದು ಮೀನು ಮತ್ತು ಸಿಗಡಿಯಂತಹ ಲೆಕ್ಕವಿಲ್ಲದ ಜೀವಿಗಳ ದಟ್ಟಣೆಯೆಂದು ಆಮೇಲೆ ಗೊತ್ತಾಯಿತು. ಅವು ಕತ್ತಲಾದ ಮೇಲೆ ಆಹಾರಕ್ಕಾಗಿ ಮೇಲೆ ಬಂದು ಹಗಲಿನಲ್ಲಿ ಆಳಕ್ಕೆ ಇಳಿಯುವುವು. ಅವುಗಳಲ್ಲಿ ಅನೇಕ ಮೀನುಗಳ ಹೊಟ್ಟೆಯಲ್ಲಿ ಗಾಳಿಯ ಚೀಲವಿರುವುದು. ಗಾಳಿಗೂ ನೀರಿಗೂ ತಡೆಯ ಅಂತರ ಬಹಳವೆಂದು ಮೊದಲೇ ಹೇಳಿದೆವಷ್ಟೆ.

ಸ್ವರದ ಏರಿಳಿತವೂ ಇಲ್ಲಿ ಗಣನೆಗೆ ಬರಬೇಕು. ಬೀದಿಯಾಚೆಯ ಮನೆಯಲ್ಲಿ ಮದುವೆ ನಡೆದರೆ, ಬಾಗಿಲು ಹಾಕಿಕೊಂಡ ನಮ್ಮ ಕೋಣೆಗೆ ಡೋಲಿನ ದುಮುದುಮು ಕೇಳುವಷ್ಟು ಓಲಗದ ರಾಗವು ಕೇಳಿಸದು. ತಗ್ಗುಸ್ವರವು ಗೋಡೆಯನ್ನು ಹಾಯುವುದು, ಹೆಚ್ಚುಸ್ವರವು ಬೇಗನೆ ಕುಗ್ಗುವುದು. ಕಡಲ ತಳದಲ್ಲಿಯೂ ಹಾಗೆಯೇ. ಹೆಚ್ಚುಸ್ವರದ ಯಂತ್ರವು ತಳದ ಮೈಯನ್ನು ಮಾತ್ರ ಕಾಣಿಸುವುದು. ತಗ್ಗುಸ್ವರದ ಯಂತ್ರವಾದರೋ ಕೆಸರಿನೊಳಗೆ ಹೊಕ್ಕು, ಅದರ ಕೆಳಗಿನ ಪದರ, ಅದರ ಕೆಳಗಿನ ಬಂಡೆ, ಇವುಗಳಿಂದ ಒಂದೊಂದಾಗಿ ಮಾರ್ದನಿಗಳನ್ನು ತರುವುದು. ಈರುಳ್ಳಿಯನ್ನು ಹೆಚ್ಚದೆಯೇ ಅದರ ಸುಳಿಗಳನ್ನು ಎಣಿಸಿದಂತೆ.

ನಮ್ಮ ಪಶ್ಚಿಮದ ಕಡಲಿನಲ್ಲಿ ಈ ಪರೀಕ್ಷೆಗಳು ಸಾಕಷ್ಟು ನಡೆದಿರುವುವು. ಗೋವೆಯ ದೋನಾಪಾವಲದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯು 1966ರಲ್ಲಿ ಸ್ಥಾಪಿತವಾದುದು. ಕರಾವಳಿಯಿಂದ ಹೊರಟರೆ ಸುಮಾರು ಐವತ್ತು ಮೀಟರ್ ಆಳದವರೆಗೆ ತಳದಲ್ಲಿ ಬಹುಮಟ್ಟಿಗೆ ಹೊಳೆಗಳು ತಂದ ಹೂಳು. ಅದರಾಚೆಗೆ ಹಳೆಯ ಮರಳು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಲೋಕದ ಬಹಳಷ್ಟು ನೀರು ಹಿಮವಾಗಿ ಕಟ್ಟಿಕೊಂಡು ಕಡಲಿನ ಮಟ್ಟವು ಇಂದಿಗಿಂತ ನೂರಿಪ್ಪತ್ತು ಮೀಟರಿನಷ್ಟು ಕೆಳಗಿದ್ದಿತು. ಈ ಮರಳು ಆ ಹಳೆಯ ಕಾಲದ ತೀರಗಳ ಶೇಷ. ದಡದ ಕಡೆಯ ಹೂಳಿನಲ್ಲಿ ಕೆಲವೆಡೆ ಇನ್ನೊಂದು ವಿಶೇಷವುಂಟು. ಕೊಳೆತ ಸಸ್ಯಾದಿಗಳಿಂದ ಹುಟ್ಟಿದ ಮೀಥೇನ್ ಅನಿಲವು ಗುಳ್ಳೆಗಳಾಗಿ ಕೆಸರಿನಲ್ಲಿ ಸಿಕ್ಕಿಕೊಂಡಿರುವುದು. ಅಂತಹ ಎಡೆಯಲ್ಲಿ ಯಂತ್ರವು ಬರೆಯುವ ಚಿತ್ರದಲ್ಲಿ ಪದರಗಳೆಲ್ಲ ಒಮ್ಮೆಗೇ ಮಾಯವಾಗಿ, ತೆರೆ ಎಳೆದಂತೆ ಮಸುಕು ಕವಿಯುವುದು. ಮೀನಿನ ಹೊಟ್ಟೆಯ ಗಾಳಿಯ ಚೀಲದ ಕಥೆಯೇ ಇಲ್ಲಿಯೂ. ಗುಳ್ಳೆ ತುಂಬಿದ ಕೆಸರು ಭಾರವನ್ನು ಹೊರಲು ದುರ್ಬಲ. ಅಲ್ಲಿ ಕಂಬವನ್ನು ನೆಡುವ, ಕೊಳವೆಯನ್ನು ಹಾಯಿಸುವ ಎಂಜಿನಿಯರನು ಆ ಮಸುಕನ್ನು ಕಂಡು ಎಚ್ಚರಗೊಳ್ಳದಿದ್ದರೆ ಮುಂದೆ ಕೆಲಸಗಾರರ ಪ್ರಾಣಕ್ಕೇ ಸಂಚಕಾರ.

ಮಲ್ಪೆ, ಕಾರವಾರಗಳಂತಹ ಬಂದರುಗಳಿಂದ ಹೊರಡುವ ಮೀನುದೋಣಿಗಳಲ್ಲಿ ತಾಂಡೇಲನ ಮುಂದೆ ಇಂದು ಪುಟ್ಟದೊಂದು ಪರದೆಯಿರುವುದು. ಮೀನು ಹುಡುಕುವ ಯಂತ್ರವೆಂದು ಅದರ ಹೆಸರು. ಅದರಲ್ಲಿ ತಳದ ಗೆರೆಯು ದಪ್ಪವಾಗಿ ಕಂಡರೆ ನೆಲವು ಗಡುಸು. ತೆಳುವಾಗಿ ಮಾಸಿದಂತಿದ್ದರೆ ಮೆತ್ತನೆ. ಗಡುಸು ನೆಲಕ್ಕೆ ಇನ್ನೊಂದು ಗುರುತೂ ಇದೆ. ತಳದಿಂದ ಬಂದ ಮಾರ್ದನಿಯು ನೀರಿನ ಮೇಲ್ಮೈಗೆ ಬಡಿದು ಮತ್ತೆ ಇಳಿದು, ಎರಡನೆಯ ಸಲ ತಳವನ್ನು ತಾಗಿ ಬರುವುದರಿಂದ, ಇಮ್ಮಡಿ ಆಳದಲ್ಲಿ ಎರಡನೆಯ ಗೆರೆಯೊಂದು ಮೂಡುವುದು. ಕೆಸರಿನ ಮೇಲೆ ಇಷ್ಟು ಶಕ್ತಿ ಉಳಿಯದು. ನೆಲವನ್ನು ಸವರುತ್ತ ಎಳೆಯುವ ಟ್ರಾಲ್ ಬಲೆಯು ಬಂಡೆಗೆ ಸಿಕ್ಕಿದರೆ ಹರಿಯುವುದು. ಒಂದು ಬಲೆ ಹೋದರೆ ಆ ಸಲದ ದುಡಿಮೆಯೇ ಹೋದಂತೆ, ಮನೆಯವರೆಲ್ಲರ ಅನ್ನಕ್ಕೆ ಕೊರತೆಯಾದಂತೆ. ಸಮೀಕರಣಗಳನ್ನು ಓದದ ಆ ತಾಂಡೇಲರು ಎರಡನೆಯ ಗೆರೆಯನ್ನು ಓದುವ ಚಾತುರ್ಯಕ್ಕೆ ನಾವು ತಲೆದೂಗುವೆವು. ಬಹಾಮಾ ದ್ವೀಪಗಳ ಬಳಿಯ ಡಾಲ್ಫಿನ್ನುಗಳಂತೂ ಯಂತ್ರವಿಲ್ಲದೆಯೇ, ತಮ್ಮ ಕಟಕಟ ಸದ್ದಿನ ಮಾರ್ದನಿಯಿಂದ ಮರಳಿನೊಳಗೆ ಹೂತುಕೊಂಡ ಮೀನನ್ನು ಗುರುತಿಸಿ, ಮೂತಿಯಿಂದ ಕುಳಿ ತೋಡಿ ಹಿಡಿಯುವುವು.

ಇಷ್ಟೆಲ್ಲ ತಿಳಿದಿದ್ದರೂ ಕಡಲ ತಳದ ಬಹುಭಾಗವನ್ನು ಇನ್ನೂ ಯಾರೂ ತಟ್ಟಿ ಕೇಳಿಲ್ಲ. 2017ರಲ್ಲಿ ಸೀಬೆಡ್ 2030 ಎಂಬ ಅಂತರರಾಷ್ಟ್ರೀಯ ಉದ್ಯಮವು ತೊಡಗಿದಾಗ ಸರಿಯಾಗಿ ಅಳೆದಿದ್ದುದು ನೂರಕ್ಕೆ ಆರು ಪಾಲು. 2025ರ ಮಧ್ಯದ ವೇಳೆಗೆ ಅದು ಇಪ್ಪತ್ತೇಳಕ್ಕೆ ಏರಿತು. ಮಿಕ್ಕ ಕಡೆಗಳಿಗೆ ಉಪಗ್ರಹಗಳಿಂದ ಮಾಡಿದ ಅಂದಾಜಿನ ನಕ್ಷೆಯೇ ಗತಿ. ಕಡಲೊಳಗಿನ ದೊಡ್ಡ ಬೆಟ್ಟವು ತನ್ನ ಆಕರ್ಷಣೆಯಿಂದ ಮೇಲಿನ ನೀರನ್ನು ಎಲ್ಲೋ ಅಷ್ಟು ಉಬ್ಬಿಸುವುದು. ಆ ಉಬ್ಬನ್ನು ನೋಡಿ ಬೆಟ್ಟವನ್ನು ಊಹಿಸುವುದು. ಸಣ್ಣ ಗುಡ್ಡಗಳೂ ಕಣಿವೆಗಳೂ ಇದರಲ್ಲಿ ಕಾಣಿಸವು. ನೆಲವು ಮರಳೊ ಕೆಸರೊ ಎಂಬ ಮಾತೇ ಇಲ್ಲ.

ಇದರ ಬೆಲೆಯು 2014ರಲ್ಲಿ ಎಲ್ಲರಿಗೂ ತಿಳಿಯಿತು. ಆ ವರ್ಷದ ಮಾರ್ಚ್ 8ರಂದು ಕೌಲಾಲಂಪುರದಿಂದ ಬೀಜಿಂಗಿಗೆ ಹೊರಟ ಮಲೇಷಿಯದ ವಿಮಾನವು 239 ಜನರೊಂದಿಗೆ ಕಣ್ಮರೆಯಾಯಿತು. ಅವರಲ್ಲಿ ನಮ್ಮ ದೇಶದವರೂ ಐವರಿದ್ದರು. ಅದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿದ್ದಿರಬೇಕೆಂದು ಲೆಕ್ಕವಾಯಿತು. ಆದರೆ ಅಲ್ಲಿನ ತಳವನ್ನು ಯಾರು ಕಂಡಿದ್ದರು? ಯಂತ್ರವನ್ನು ತಳದ ಸಮೀಪಕ್ಕೆ ಇಳಿಸಿ ಎಳೆಯಬೇಕಾದರೆ ಮುಂದೆ ಬೆಟ್ಟವಿದೆಯೊ ಪ್ರಪಾತವಿದೆಯೊ ಮೊದಲೇ ಗೊತ್ತಿರಬೇಕು. ಕುರುಡಾಗಿ ಎಳೆದರೆ ಯಂತ್ರವೇ ಬಂಡೆಗೆ ಬಡಿದು ಹೋಗುವುದು. ಆದುದರಿಂದ ಮೊದಲು ಹಡಗುಗಳಿಂದ ಬೀಸಣಿಗೆಯಂತೆ ಹರಡುವ ಶಬ್ದಕಿರಣಗಳನ್ನು ಬಿಟ್ಟು 2 ಲಕ್ಷ 78 ಸಾವಿರ ಚದರ ಕಿಲೋಮೀಟರ್ ತಳವನ್ನು ಅಳೆದರು. ಉಪಗ್ರಹದ ನಕ್ಷೆಯಲ್ಲಿ ಇಲ್ಲದಿದ್ದ ಗಿರಿಸಾಲುಗಳೂ ಕಮರಿಗಳೂ ಆಗ ಹೊರಬಿದ್ದುವು. ಕಾದುಕೊಂಡಿದ್ದ ಬಂಧುಗಳಿಗೆ ಒಂದೊಂದು ದಿನವೂ ಹೇಗೆ ಕಳೆಯುತ್ತಿದ್ದಿರಬಹುದೆಂಬುದನ್ನು ವಾಚಕರೇ ಊಹಿಸಬಹುದು. ಆದರೆ ಆ ಪೂರ್ವಸಿದ್ಧತೆಯಿಲ್ಲದೆ ಹುಡುಕುವುದೇ ಸಾಧ್ಯವಿರಲಿಲ್ಲ.

ಅನಂತರ ಉದ್ದನೆಯ ಹಗ್ಗದ ತುದಿಯಲ್ಲಿ, ತಳದಿಂದ ನೂರು ನೂರೈವತ್ತು ಮೀಟರ್ ಮೇಲೆ ಯಂತ್ರವನ್ನು ಎಳೆಯುತ್ತ, ಎರಡು ಪಕ್ಕಗಳಿಗೂ ಶಬ್ದವನ್ನು ಓರೆಯಾಗಿ ಬಿಟ್ಟು 1 ಲಕ್ಷ 20 ಸಾವಿರ ಚದರ ಕಿಲೋಮೀಟರ್ ಜಾಲಾಡಿದರು. ಹೀಗೆ ಓರೆಯಾಗಿ ಬಿಟ್ಟ ಶಬ್ದವು ನಯವಾದ ಕೆಸರಿನ ಬಯಲಿನಿಂದ ಬಹಳ ಕಡಮೆ ಹಿಂದಿರುಗುವುದರಿಂದ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುವುದು. ಅದರ ಮೇಲೆ ಬಿದ್ದ ಲೋಹವು ಬೆಳ್ಳಗೆ ಹೊಳೆದು, ಹಿಂದುಗಡೆ ತನ್ನ ನೆರಳನ್ನು ಬೀಳಿಸುವುದು. ಒರಟು ಬಂಡೆಯ ಇಳಿಜಾರಿನಲ್ಲಾದರೋ ಎಲ್ಲವೂ ಹೊಳೆಯುವುದು, ಎಲ್ಲದಕ್ಕೂ ನೆರಳು. ವಿಮಾನದ ಚೂರಾವುದು, ಕಲ್ಲಾವುದು ಎಂದು ಬೇರ್ಪಡಿಸುವುದು ಬಲು ಕಷ್ಟ. 2017ರ ಜನವರಿಯಲ್ಲಿ ಆ ಶೋಧನೆಯನ್ನು ನಿಲ್ಲಿಸಿದರು. 2018ರಲ್ಲಿ ಮತ್ತೊಂದು ಸಂಸ್ಥೆಯವರು ಇನ್ನೊಂದು ಲಕ್ಷಕ್ಕೂ ಮೀರಿದ ಚದರ ಕಿಲೋಮೀಟರ್ ಹುಡುಕಿದರು. ಆಗಲೂ ವಿಮಾನವು ಸಿಕ್ಕಲಿಲ್ಲ. ಆದರೆ 2015ರಲ್ಲಿ ಕೆಸರಿನ ಬಯಲಿನ ಮೇಲೆ ಹೊಳೆದ ಕೆಲವು ಚುಕ್ಕೆಗಳ ಬಳಿಗೆ ಕ್ಯಾಮೆರಾವನ್ನು ಇಳಿಸಿದಾಗ, ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಿದ್ದಲನ್ನು ಹೊತ್ತು ಹೊರಟು ಮುಳುಗಿದ ಹಾಯಿಹಡಗುಗಳ ಅವಶೇಷಗಳು ಕಂಡುವು. ಅವುಗಳ ದಾರಿಯನ್ನು ಕಾಯುತ್ತಿದ್ದವರೆಲ್ಲ ಹೋಗಿ ಆಗಲೇ ನೂರು ವರ್ಷಗಳಾಗಿದ್ದುವು. ಶೋಧನೆಗಾಗಿ ಮಾಡಿದ ತಳದ ನಕ್ಷೆಯನ್ನು ಆಸ್ಟ್ರೇಲಿಯದವರು 2017ರ ಜುಲೈ ತಿಂಗಳಲ್ಲಿ ಎಲ್ಲರ ಉಪಯೋಗಕ್ಕೂ ಬಿಟ್ಟುಕೊಟ್ಟರು.